ಸಿಎನ್‌ಎಯಿಂದ ಆರ್‌ಎನ್‌ವರೆಗೆ: ಅಮೆರಿಕದಲ್ಲಿ ನರ್ಸಿಂಗ್ ಓದಿನ ದಾರಿ ಆರಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಅಮೆರಿಕದ ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಅಂದರೆ ಸಿಎನ್‌ಎ ಆಗಿ ದುಡಿಯುವವರು ರಿಜಿಸ್ಟರ್ಡ್ ನರ್ಸ್ ಅಂದರೆ ಆರ್‌ಎನ್ ಆಗಲು ಹೊರಟಾಗ ಮೊದಲು ಕೇಳುವುದು ‘ಯಾವ ಕೋರ್ಸ್ ಬೇಗ ಮುಗಿಯುತ್ತೆ’ ಅಂತ. ಕೇಳಬೇಕಾದ್ದು ಬೇರೆ. ಇವತ್ತಿನಿಂದ ಲೈಸೆನ್ಸ್ ಕೈಗೆ ಬರುವ ದಿನದವರೆಗೆ ಒಟ್ಟು ಎಷ್ಟು ತಿಂಗಳು? ಅಷ್ಟು ದಿನ ಮನೆ ನಡೆಯುವುದು ಹೇಗೆ? ಬ್ರೋಷರ್‌ನಲ್ಲಿ ‘ಎರಡು ವರ್ಷ’ ಎಂದಿರುವ ಕೋರ್ಸಿಗೆ ಸೇರುವ ಮೊದಲೇ ಒಂದು ವರ್ಷದಷ್ಟು ಪ್ರೀರಿಕ್ವಿಸಿಟ್, ಅಂದರೆ ಸೇರುವ ಮುಂಚೆ ಪಾಸಾಗಿರಬೇಕಾದ ವಿಷಯಗಳನ್ನು ಮುಗಿಸಿರಬೇಕು, ಆಮೇಲೆ ಸೀಟಿಗೆ ಕಾಯಬೇಕು. ಲೆಕ್ಕ ತಪ್ಪುವುದು ಇಲ್ಲೇ.

ದುಡ್ಡಿನ ಅಂತರ ಎಷ್ಟೆಂದು ಮೊದಲೇ ಹೇಳಿಬಿಡೋಣ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2023ರ ಮೇ ತಿಂಗಳ ಲೆಕ್ಕದಲ್ಲಿ ಮಧ್ಯಮ ವಾರ್ಷಿಕ ಸಂಬಳ ಸಿಎನ್‌ಎಗೆ 38,200 ಡಾಲರ್, ಎಲ್‌ಪಿಎನ್‌ಗೆ (ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್, ಸಿಎನ್‌ಎಗೂ ಆರ್‌ಎನ್‌ಗೂ ನಡುವಿನ ಹಂತ) 59,730, ಆರ್‌ಎನ್‌ಗೆ 86,070. ಅಂದರೆ ಆರ್‌ಎನ್ ಆಗುವುದು ಒಂದು ವರ್ಷ ತಡವಾದರೆ ನಲವತ್ತೇಳು ಸಾವಿರ ಡಾಲರಿಗೂ ಹೆಚ್ಚು ಕೈತಪ್ಪುತ್ತದೆ. ಫೀಸು ಕಡಿಮೆ ಎಂದು ಮೂರು ವರ್ಷ ಕಾಯುವ ಕಾಲೇಜು ಕೆಲವೊಮ್ಮೆ ದುಬಾರಿಯಾಗುವುದು ಹೀಗೆ.

‘ಬ್ರಿಡ್ಜ್’ ಎಂಬ ಹೆಸರಿಗೆ ಮರುಳಾಗಬೇಡಿ

1987ರ ಫೆಡರಲ್ ಕಾಯಿದೆಯ ಪ್ರಕಾರ ಸಿಎನ್‌ಎ ತರಬೇತಿ ಕನಿಷ್ಠ 75 ಗಂಟೆ. ಅದರಲ್ಲಿ 16 ಗಂಟೆ ಮೇಲ್ವಿಚಾರಣೆಯಲ್ಲಿ ಪ್ರಾಯೋಗಿಕ ತರಬೇತಿ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಇನ್ನೂ ಹೆಚ್ಚು, ಅಲ್ಲಿ 160 ಗಂಟೆ, ಕೇಳುತ್ತವೆ. ಎಷ್ಟೇ ಆದರೂ ಇದು ಕಾಲೇಜು ಕ್ರೆಡಿಟ್ ಅಲ್ಲ. ಬ್ರಿಡ್ಜ್ ಎಂದರೆ ಹಿಂದಿನ ಓದನ್ನು ಲೆಕ್ಕಕ್ಕೆ ಹಿಡಿದು ಮುಂದಿನ ಹಂತಕ್ಕೆ ಒಯ್ಯುವ ಕೋರ್ಸ್. ‘ಸಿಎನ್‌ಎ ಟು ಆರ್‌ಎನ್ ಬ್ರಿಡ್ಜ್’ ಎಂಬ ಜಾಹೀರಾತು ಕಂಡರೆ ಅಡ್ಮಿಷನ್‌ನವರನ್ನು ನೇರವಾಗಿ ಕೇಳಿ: ಸಿಎನ್‌ಎ ಇರುವುದರಿಂದ ನನಗೆ ಯಾವ ವಿಷಯ, ಎಷ್ಟು ಕ್ರೆಡಿಟ್ ಮಾಫಿ? ಸಾಮಾನ್ಯವಾಗಿ ಸಿಗುವ ಉತ್ತರ ‘ಏನೂ ಇಲ್ಲ’ ಅಥವಾ ‘ಮೊದಲ ಸೆಮಿಸ್ಟರಿನ ಒಂದು ಸಣ್ಣ ಭಾಗ’.

ಹಾಗಂತ ಸಿಎನ್‌ಎ ದಂಡವಲ್ಲ. ಹಲವು ಕಾಲೇಜುಗಳು ಅರ್ಜಿಗಳಿಗೆ ಅಂಕ ಕೊಟ್ಟು ಸಾಲು ಮಾಡುವಾಗ ಸಿಎನ್‌ಎ ಅನುಭವಕ್ಕೆ ಪಾಯಿಂಟ್ ಕೊಡುತ್ತವೆ. ಕೆಲವಕ್ಕೆ ಅದು ಕಡ್ಡಾಯ ಅರ್ಹತೆಯೇ. ಅದಕ್ಕಿಂತ ಬೆಲೆಯುಳ್ಳದ್ದು ಉದ್ಯೋಗದಾತರು ಕೊಡುವ ಫೀಸಿನ ನೆರವು. ಹಾಗಾಗಿ ಸರ್ಟಿಫಿಕೇಟ್ ಜೀವಂತ ಇಟ್ಟುಕೊಳ್ಳಿ. ಸತತ 24 ತಿಂಗಳು ಸಂಬಳದ ನರ್ಸಿಂಗ್ ಕೆಲಸ ಮಾಡದಿದ್ದರೆ ರಾಜ್ಯದ ರಿಜಿಸ್ಟ್ರಿಯಿಂದ ಹೆಸರು ಹೋಗುತ್ತದೆ, ಮತ್ತೆ ತರಬೇತಿ ಅಥವಾ ಪರೀಕ್ಷೆಗೆ ಕೂರಬೇಕಾಗುತ್ತದೆ. ಪೂರ್ತಿ ಓದಿಗೆ ಇಳಿಯುವವರೂ ಪರ್ ಡೀಮ್ ಆಗಿ ಆಗೊಮ್ಮೆ ಈಗೊಮ್ಮೆ ಶಿಫ್ಟ್ ಮಾಡುತ್ತಿದ್ದರೆ ಈ ತಲೆನೋವಿಲ್ಲ.

ನಾಲ್ಕು ದಾರಿಗಳು, ಯಾರಿಗೆ ಯಾವುದು

ಎಡಿಎನ್: ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಅಸೋಸಿಯೇಟ್ ಪದವಿ. ನಾಲ್ಕು ನರ್ಸಿಂಗ್ ಸೆಮಿಸ್ಟರ್, ಅದಕ್ಕೆ ಮುಂಚೆ ಎರಡು ಮೂರು ಸೆಮಿಸ್ಟರಿನ ಪ್ರೀರಿಕ್ವಿಸಿಟ್. ಲೈಸೆನ್ಸಿಗಾಗಿ ಬರೆಯುವ ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆ ಬಿಎಸ್‌ಎನ್‌ನವರದೂ (ನರ್ಸಿಂಗ್ ಬ್ಯಾಚುಲರ್ ಪದವಿ) ಎಡಿಎನ್‌ನವರದೂ ಒಂದೇ, ಲೈಸೆನ್ಸೂ ಒಂದೇ. ಕೆಲಸ ಬಿಡಲಾಗದ ಸಿಎನ್‌ಎಗಳಲ್ಲಿ ಹೆಚ್ಚಿನವರಿಗೆ ನಮ್ಮ ಸಲಹೆ ಇದೇ: ಮೊದಲು ಎಡಿಎನ್ ಮಾಡಿ, ಆರ್‌ಎನ್ ಸಂಬಳ ಶುರುವಾದ ಮೇಲೆ ಆಸ್ಪತ್ರೆಯ ದುಡ್ಡಿನಲ್ಲಿ ಆನ್‌ಲೈನ್ ಆರ್‌ಎನ್-ಟು-ಬಿಎಸ್‌ಎನ್ ಮುಗಿಸಿ.

ನೇರ ಬಿಎಸ್‌ಎನ್: ನಾಲ್ಕು ವರ್ಷ, ಸುಮಾರು 120 ಕ್ರೆಡಿಟ್. ಹೈಸ್ಕೂಲು ಮುಗಿಸಿ ಒಂದೆರಡು ವರ್ಷವಾದ, ಮನೆಯ ಭಾರ ಹೊತ್ತಿರದ ಹುಡುಗ ಹುಡುಗಿಯರಿಗೆ ಸರಿ. ದೊಡ್ಡ ನಗರಗಳ ‘ಮ್ಯಾಗ್ನೆಟ್’ (ಉತ್ತಮ ನರ್ಸಿಂಗ್ ಸೇವೆಗೆ ಕೊಡುವ) ಮಾನ್ಯತೆಯ ಆಸ್ಪತ್ರೆಗಳು ಹೊಸ ನರ್ಸ್‌ಗಳಲ್ಲಿ ಬಿಎಸ್‌ಎನ್ ಇದ್ದವರನ್ನೇ ಮೊದಲು ನೋಡುವುದುಂಟು. ನ್ಯೂಯಾರ್ಕ್ ರಾಜ್ಯ 2017ರ ಡಿಸೆಂಬರಿನಲ್ಲಿ ಮಾಡಿದ ಕಾನೂನಿನಂತೆ ಅಲ್ಲಿನ ಹೊಸ ಆರ್‌ಎನ್‌ಗಳು ಹತ್ತು ವರ್ಷದೊಳಗೆ ನರ್ಸಿಂಗ್ ಬ್ಯಾಚುಲರ್ ಪದವಿ ಪಡೆಯಬೇಕು. ಹಾಗಿದ್ದರೂ ಎಡಿಎನ್‌ನಿಂದ ಶುರು ಮಾಡಲು ಅಡ್ಡಿಯಿಲ್ಲ.

ಎಲ್‌ಪಿಎನ್ ಮೂಲಕ: ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಲ್ಲಿ ಇದನ್ನೇ ಎಲ್‌ವಿಎನ್ ಎನ್ನುತ್ತಾರೆ. ಸುಮಾರು ಒಂದು ವರ್ಷದ ಕೋರ್ಸ್, ಎನ್‌ಕ್ಲೆಕ್ಸ್-ಪಿಎನ್ ಪರೀಕ್ಷೆ, ಆಮೇಲೆ 12ರಿಂದ 18 ತಿಂಗಳ ಎಲ್‌ಪಿಎನ್-ಟು-ಆರ್‌ಎನ್ ಬ್ರಿಡ್ಜ್. ಇದು ನಿಜವಾದ ಬ್ರಿಡ್ಜ್. ಆದರೆ ಇಲ್ಲೊಂದು ತಿರುವಿದೆ. ಬ್ರಿಡ್ಜ್‌ನಲ್ಲಿ ಮಾಫಿಯಾಗುವುದು ನರ್ಸಿಂಗ್ ವಿಷಯಗಳ ಒಂದೆರಡು ಸೆಮಿಸ್ಟರ್ ಮಾತ್ರ. ಅನಾಟಮಿ, ಮೈಕ್ರೋಬಯಾಲಜಿಯಂಥ ಪ್ರೀರಿಕ್ವಿಸಿಟ್‌ಗಳು ತಪ್ಪುವುದಿಲ್ಲ. ಹಾಗಾಗಿ ಒಟ್ಟು ಕಾಲ ನೇರ ಎಡಿಎನ್‌ಗಿಂತ ಕಡಿಮೆಯಾಗುವುದು ಅಪರೂಪ. ಮೂರು ಸಂದರ್ಭದಲ್ಲಿ ಈ ದಾರಿಗೆ ಅರ್ಥವಿದೆ: ಒಂದೇ ವರ್ಷದಲ್ಲಿ ಸಂಬಳ ಏರದಿದ್ದರೆ ಸಂಸಾರ ಸಾಗುವುದಿಲ್ಲ ಎಂದಾಗ, ನಿಮ್ಮ ನರ್ಸಿಂಗ್ ಹೋಮೇ ಎಲ್‌ಪಿಎನ್ ಫೀಸು ಕಟ್ಟುತ್ತೇನೆ ಎಂದಾಗ, ಹತ್ತಿರದ ಕಾಲೇಜಿನಲ್ಲಿ ಎಡಿಎನ್ ಸೀಟಿಗಿಂತ ಬ್ರಿಡ್ಜ್ ಸೀಟು ಸುಲಭವಾಗಿ ಸಿಗುವಾಗ. ಎಲ್‌ಪಿಎನ್‌ಗಳಿಗೆ ಕೆಲಸ ಹೆಚ್ಚಾಗಿ ನರ್ಸಿಂಗ್ ಹೋಮ್, ಹೋಮ್ ಹೆಲ್ತ್, ಕ್ಲಿನಿಕ್‌ಗಳಲ್ಲಿ. ದೊಡ್ಡ ಆಸ್ಪತ್ರೆಯ ವಾರ್ಡೇ ನಿಮ್ಮ ಗುರಿಯಾಗಿದ್ದರೆ ಇದು ಸುತ್ತುಬಳಸಿನ ದಾರಿ.

ಆಕ್ಸಿಲರೇಟೆಡ್ ಬಿಎಸ್‌ಎನ್: ಬೇರೆ ವಿಷಯದಲ್ಲಿ ಈಗಾಗಲೇ ಪದವಿ ಇದ್ದವರಿಗೆ 12ರಿಂದ 18 ತಿಂಗಳು. ಭಾರತದ ಬಿ.ಕಾಂ., ಬಿ.ಎಸ್ಸಿ., ಬಿ.ಇ. ಇರುವವರು ವಿಷಯವಾರು ಕ್ರೆಡೆನ್ಶಿಯಲ್ ಮೌಲ್ಯಮಾಪನ ಮಾಡಿಸಿ ಅರ್ಜಿ ಹಾಕಬಹುದು. ಓದಿನ ವೇಗ ಹೇಗಿರುತ್ತದೆಂದರೆ ಕೆಲಸ ಮಾಡುವುದು ಬಹುತೇಕ ಆಗದ ಮಾತು. ಪದವಿ ಇದ್ದವರಿಗೆ, ಅದು ಹೊರದೇಶದ್ದಾದರೂ, ಪೆಲ್ ಗ್ರಾಂಟ್ (ಕಡಿಮೆ ಆದಾಯದವರ ಓದಿಗೆ ಫೆಡರಲ್ ಸರ್ಕಾರ ಕೊಡುವ ನೆರವು) ಸಾಮಾನ್ಯವಾಗಿ ಸಿಗುವುದಿಲ್ಲ, ಸಾಲವೇ ಗತಿ. ಒಂದೂವರೆ ವರ್ಷ ಇನ್ನೊಬ್ಬರ ಸಂಬಳದಲ್ಲಿ ಮನೆ ನಡೆಯುವುದಾದರೆ ಮಾತ್ರ ಇದನ್ನು ಆರಿಸಿ.

ಭಾರತದಲ್ಲೇ ಜಿಎನ್‌ಎಂ ಅಥವಾ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಇಲ್ಲಿ ಸಿಎನ್‌ಎ ಕೆಲಸ ಮಾಡುತ್ತಿರುವವರು ಕಡಿಮೆಯೇನಲ್ಲ. ಅವರು ಮೇಲಿನ ಯಾವ ಕೋರ್ಸಿಗೂ ದುಡ್ಡು ಕಟ್ಟುವ ಮುಂಚೆ ತಮ್ಮ ರಾಜ್ಯದ ನರ್ಸಿಂಗ್ ಮಂಡಳಿಯನ್ನು ಕೇಳಬೇಕು. ಪದವಿಪತ್ರಗಳ ಮೌಲ್ಯಮಾಪನ, ಕೆಲವು ರಾಜ್ಯಗಳಲ್ಲಿ ಇಂಗ್ಲಿಷ್ ಪರೀಕ್ಷೆ, ಆಮೇಲೆ ನೇರ ಎನ್‌ಕ್ಲೆಕ್ಸ್-ಆರ್‌ಎನ್. ಒಂದೆರಡು ವಿಷಯದ ಕ್ಲಿನಿಕಲ್, ಅಂದರೆ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಕಲಿಯುವ, ಗಂಟೆ ಕೊರತೆಯಿದ್ದರೆ ಅಷ್ಟನ್ನು ಮಾತ್ರ ತುಂಬಿಸಿದರೆ ಸಾಕಾಗಬಹುದು.

ಹಂತ 1: ಪ್ರೀರಿಕ್ವಿಸಿಟ್‌ಗಳ ಕ್ರಮ

ಸೀಟು ಸಿಗುವುದು, ತಪ್ಪುವುದು ತೀರ್ಮಾನವಾಗುವುದು ಇಲ್ಲಿ. ಸಾಮಾನ್ಯ ಪಟ್ಟಿ: ಅನಾಟಮಿ ಮತ್ತು ಫಿಸಿಯಾಲಜಿ 1 ಮತ್ತು 2 (ಲ್ಯಾಬ್ ಸಮೇತ ತಲಾ 4 ಕ್ರೆಡಿಟ್), ಮೈಕ್ರೋಬಯಾಲಜಿ (ಲ್ಯಾಬ್ ಸಮೇತ 4), ಇಂಗ್ಲಿಷ್ ಕಾಂಪೊಸಿಷನ್, ಸೈಕಾಲಜಿ, ಡೆವಲಪ್‌ಮೆಂಟಲ್ ಸೈಕಾಲಜಿ, ಸ್ಟಾಟಿಸ್ಟಿಕ್ಸ್ ಅಥವಾ ಕಾಲೇಜು ಗಣಿತ. ಕೆಲವು ಕಡೆ ಕೆಮಿಸ್ಟ್ರಿ, ನ್ಯೂಟ್ರಿಷನ್ ಕೂಡ.

ವಾರಕ್ಕೆ 36 ಗಂಟೆ, ಅಂದರೆ ಮೂರು 12 ಗಂಟೆಯ ಶಿಫ್ಟ್ ಮಾಡುವವರಿಗೆ ಈ ಹಂಚಿಕೆ ಹೊಂದುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಅನಾಟಮಿ 1 ಮತ್ತು ಇಂಗ್ಲಿಷ್. ಎರಡನೆಯದರಲ್ಲಿ ಅನಾಟಮಿ 2 ಮತ್ತು ಸೈಕಾಲಜಿ. ಬೇಸಿಗೆಯಲ್ಲಿ ಸ್ಟಾಟಿಸ್ಟಿಕ್ಸ್, ಜೊತೆಗೇ ಪ್ರವೇಶ ಪರೀಕ್ಷೆ. ಮೂರನೆಯದರಲ್ಲಿ ಮೈಕ್ರೋಬಯಾಲಜಿ ಮತ್ತು ಡೆವಲಪ್‌ಮೆಂಟಲ್ ಸೈಕಾಲಜಿ, ಜೊತೆಗೇ ಅರ್ಜಿ. ಲ್ಯಾಬ್ ಇರುವ ಎರಡು ವಿಜ್ಞಾನಗಳನ್ನು ಒಂದೇ ಸೆಮಿಸ್ಟರಿಗೆ ಹಾಕಿಕೊಳ್ಳಬೇಡಿ. ಪೂರ್ತಿ ಕೆಲಸದ ಜೊತೆ ಎರಡರಲ್ಲೂ ‘ಎ’ ತರುವವರು ಬಹಳ ಕಡಿಮೆ.

‘ಸಿ’ ಬಂದರೆ ಪಾಸು ನಿಜ, ಆದರೆ ಪಾಸಾದ ಮಾತ್ರಕ್ಕೆ ಸೀಟು ಸಿಗುವುದಿಲ್ಲ. ಹೆಚ್ಚಿನ ಕಾಲೇಜುಗಳು ವಿಜ್ಞಾನದ ಜಿಪಿಎಯನ್ನು (ಗ್ರೇಡ್‌ಗಳ ಸರಾಸರಿ) ಬೇರೆಯಾಗಿ ಲೆಕ್ಕ ಹಾಕುತ್ತವೆ. ಮತ್ತೆ ಓದಿ ಅಂಕ ಏರಿಸಿದರೆ ಕೆಲವರು ಹೊಸದನ್ನಷ್ಟೇ ಪರಿಗಣಿಸುತ್ತಾರೆ, ಕೆಲವರು ಎರಡರ ಸರಾಸರಿ ತೆಗೆಯುತ್ತಾರೆ, ಇನ್ನು ಕೆಲವರು ಒಂದಕ್ಕಿಂತ ಹೆಚ್ಚು ಸಲ ಮರುಓದಿದ ಅರ್ಜಿಯನ್ನೇ ಬದಿಗಿಡುತ್ತಾರೆ. ಅನಾಟಮಿ 1ರ ಮೊದಲೆರಡು ಟೆಸ್ಟ್‌ಗಳಲ್ಲಿ ಅಂಕ ಕುಸಿದರೆ ‘ಡಬ್ಲ್ಯು’ (ವಿತ್‌ಡ್ರಾ, ನಡುವೆ ಬಿಟ್ಟದ್ದು ಎಂಬ ಗುರುತು) ಪಡೆದು ಹೊರಬರುವ ಕೊನೆಯ ದಿನಾಂಕ ಯಾವುದೆಂದು ನೋಡಿ. ‘ಡಿ’ಗಿಂತ ಒಂದು ‘ಡಬ್ಲ್ಯು’ ಮೇಲು. ಆದರೆ ಫೈನಾನ್ಶಿಯಲ್ ಏಡ್ ಪಡೆಯುತ್ತಿದ್ದರೆ ಮುಗಿಸಿದ ಕ್ರೆಡಿಟ್‌ಗಳ ಪ್ರಮಾಣ ಕುಗ್ಗಿ ನೆರವು ನಿಲ್ಲಬಹುದು. ಆ ಕಚೇರಿಯನ್ನು ಕೇಳದೆ ಬಿಡಬೇಡಿ.

ಇನ್ನೆರಡು ಹಳ್ಳಗಳಿವೆ. ಬಹಳ ಕಾಲೇಜುಗಳು 5ರಿಂದ 7 ವರ್ಷಕ್ಕಿಂತ ಹಳೆಯ ವಿಜ್ಞಾನ ಕ್ರೆಡಿಟ್ ಒಪ್ಪುವುದಿಲ್ಲ. ಆನ್‌ಲೈನ್ ಲ್ಯಾಬ್‌ಗಳನ್ನು ಎಲ್ಲರೂ ಒಪ್ಪುವುದಿಲ್ಲ. ಗುರಿಯಿಟ್ಟ ಮೂರು ಕಾಲೇಜುಗಳ ಅರ್ಹತಾ ಪುಟಗಳನ್ನು ಪಕ್ಕಪಕ್ಕ ಇಟ್ಟು, ಮೂರಕ್ಕೂ ಒಪ್ಪಿಗೆಯಾಗುವ ವಿಷಯಗಳಿಗೇ ಸೇರಿ. ಒಂದೇ ಕಾಲೇಜನ್ನು ನಂಬಿ ಓದಿದವರು ಅಲ್ಲಿ ಸೀಟು ತಪ್ಪಿದಾಗ ಒಂದು ವರ್ಷ ಕಳೆದುಕೊಳ್ಳುತ್ತಾರೆ.

ಹಂತ 2: ಪ್ರವೇಶ ಪರೀಕ್ಷೆ

ಟೀಸ್ ಅಥವಾ ಹೆಸಿ ಎ2, ಎರಡರಲ್ಲಿ ಒಂದನ್ನು ಕಾಲೇಜು ಹೇಳುತ್ತದೆ. ಟೀಸ್‌ನಲ್ಲಿ 170 ಪ್ರಶ್ನೆ, 209 ನಿಮಿಷ: ಓದು 45, ಗಣಿತ 38, ವಿಜ್ಞಾನ 50, ಇಂಗ್ಲಿಷ್ 37. ಕ್ಯಾಲ್ಕ್ಯುಲೇಟರ್ ತೆರೆಯ ಮೇಲೇ ಇರುತ್ತದೆ. ವಿಜ್ಞಾನದಲ್ಲಿ ದೊಡ್ಡ ಪಾಲು ಅನಾಟಮಿಯದು, ಹಾಗಾಗಿ ಅನಾಟಮಿ 2 ಮುಗಿದ ಒಂದೆರಡು ತಿಂಗಳೊಳಗೆ ಬರೆಯುವುದು ಜಾಣತನ. ವರ್ಷಕ್ಕೆ ಎಷ್ಟು ಸಲ ಬರೆಯಬಹುದು, ಎರಡು ಪ್ರಯತ್ನಗಳ ನಡುವೆ ಎಷ್ಟು ದಿನ ಬಿಡಬೇಕು ಎಂಬುದನ್ನು ಆಯಾ ಕಾಲೇಜು ನಿರ್ಧರಿಸುತ್ತದೆ. ಅರ್ಜಿಯ ಕೊನೆಯ ದಿನಕ್ಕೆ ಕನಿಷ್ಠ ಎರಡು ತಿಂಗಳ ಮುಂಚೆ ಮೊದಲ ಪ್ರಯತ್ನ ಆಗಿರಲಿ.

ಹಂತ 3: ಕಾಲೇಜನ್ನು ಪರೀಕ್ಷಿಸುವುದು

ಮೊದಲು ರಾಜ್ಯದ ನರ್ಸಿಂಗ್ ಮಂಡಳಿಯ ವೆಬ್‌ಸೈಟಿನಲ್ಲಿ ಮಾನ್ಯ ಕೋರ್ಸುಗಳ ಪಟ್ಟಿ ತೆಗೆಯಿರಿ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಮಾನ್ಯತೆಯ ಪಕ್ಕದಲ್ಲಿ ‘ಷರತ್ತುಬದ್ಧ’, ‘ಎಚ್ಚರಿಕೆ’ ಎಂಬ ಅರ್ಥದ ಪದವಿದ್ದರೆ ಕಾರಣ ಕೇಳಿ.

ಎರಡನೆಯದು ರಾಷ್ಟ್ರಮಟ್ಟದ ಅಕ್ರೆಡಿಟೇಷನ್: ಎಸಿಇಎನ್, ಸಿಸಿಎನ್‌ಇ, ಸಿಎನ್‌ಇಎ ಈ ಮೂರು ಸಂಸ್ಥೆಗಳಲ್ಲಿ ಒಂದರ ಮಾನ್ಯತೆ. ಸಿಸಿಎನ್‌ಇ ಬ್ಯಾಚುಲರ್ ಮತ್ತು ಅದಕ್ಕಿಂತ ಮೇಲಿನ ಪದವಿಗಳಿಗೆ ಮಾತ್ರ, ಆದ್ದರಿಂದ ಎಡಿಎನ್ ಕಾಲೇಜಿನಲ್ಲಿ ಅದನ್ನು ಹುಡುಕಬೇಕಿಲ್ಲ. ಈ ಅಕ್ರೆಡಿಟೇಷನ್ ಇಲ್ಲದಿದ್ದರೂ ಹಲವು ರಾಜ್ಯಗಳಲ್ಲಿ ಎನ್‌ಕ್ಲೆಕ್ಸ್ ಬರೆಯಬಹುದು. ತೊಡಕು ಬರುವುದು ಮುಂದೆ ಬಿಎಸ್‌ಎನ್ ಓದಲು ಹೋದಾಗ, ಸೈನ್ಯದ ಅಥವಾ ಸರ್ಕಾರಿ ಆಸ್ಪತ್ರೆಗೆ ಅರ್ಜಿ ಹಾಕಿದಾಗ.

ಮೂರನೆಯದು ಎನ್‌ಕ್ಲೆಕ್ಸ್‌ನಲ್ಲಿ ಮೊದಲ ಯತ್ನದ ಪಾಸು ಪ್ರಮಾಣ. ಒಂದು ವರ್ಷದ್ದಲ್ಲ, ಕನಿಷ್ಠ ಮೂರು ವರ್ಷದ್ದು ನೋಡಿ. ಈ ಒಂದು ಅಂಕಿಯೇ ಮೋಸ ಮಾಡುವುದೂ ಉಂಟು. ಸೇರಿದ 60 ಜನರಲ್ಲಿ 30 ಜನರನ್ನು ನಡುವೆಯೇ ಫೇಲ್ ಮಾಡಿ ಹೊರಗಟ್ಟುವ ಕಾಲೇಜು ಉಳಿದ 30 ಜನರಿಂದ 95 ಪ್ರತಿಶತ ತೋರಿಸಬಹುದು. ಆದ್ದರಿಂದ ‘ಸೇರಿದವರಲ್ಲಿ ಎಷ್ಟು ಜನ ನಿಗದಿತ ಅವಧಿಯಲ್ಲಿ ಮುಗಿಸಿದರು’ ಎಂದೂ ಕೇಳಿ. ಉತ್ತರ ಹಾರಿಸಿದರೆ ಅದೂ ಒಂದು ಉತ್ತರವೇ.

ಫೀಸು ಕಟ್ಟಿದ ಮಾತ್ರಕ್ಕೆ ಡಿಪ್ಲೊಮಾ ಕೊಡುತ್ತೇವೆ, ಕ್ಲಿನಿಕಲ್‌ಗೆ ಬರುವುದು ಬೇಡ ಎನ್ನುವವರ ಹತ್ತಿರ ಸುಳಿಯಬೇಡಿ. 2023ರ ಜನವರಿಯಲ್ಲಿ ಬಯಲಾದ ‘ಆಪರೇಷನ್ ನೈಟಿಂಗೇಲ್’ ಪ್ರಕರಣದಲ್ಲಿ ಫ್ಲಾರಿಡಾದ ಮೂರು ಸಂಸ್ಥೆಗಳಿಂದ 7,600ಕ್ಕೂ ಹೆಚ್ಚು ನಕಲಿ ನರ್ಸಿಂಗ್ ಡಿಪ್ಲೊಮಾ ಮಾರಾಟವಾಗಿದ್ದು ಹೊರಬಿತ್ತು. ಅವನ್ನು ಬಳಸಿ ಪರೀಕ್ಷೆ ಪಾಸಾದವರಲ್ಲೂ ಹಲವರು ಲೈಸೆನ್ಸ್ ಕಳೆದುಕೊಂಡರು.

ಹಂತ 4: ದುಡ್ಡು

ಕ್ರಮ ಹೀಗಿರಲಿ: ಮೊದಲು ಎಫ್‌ಎಎಫ್‌ಎಸ್‌ಎ (ಫೆಡರಲ್ ಸರ್ಕಾರದ ಓದಿನ ನೆರವಿನ) ಅರ್ಜಿ, ಆಮೇಲೆ ಉದ್ಯೋಗದಾತರ ನೆರವು, ರಾಜ್ಯದ ಗ್ರಾಂಟ್‌ಗಳು, ಕೊನೆಗೆ ಸಾಲ. 2024-25ರಲ್ಲಿ ಪೆಲ್ ಗ್ರಾಂಟ್‌ನ ಗರಿಷ್ಠ ಮೊತ್ತ 7,395 ಡಾಲರ್, ತೀರಿಸಬೇಕಿಲ್ಲ. ಕಮ್ಯುನಿಟಿ ಕಾಲೇಜಿನ ವರ್ಷದ ಫೀಸು ಹಲವು ಕಡೆ ಇದಕ್ಕಿಂತ ಕಡಿಮೆ. ಗ್ರೀನ್ ಕಾರ್ಡ್ ಇದ್ದವರು ಇದಕ್ಕೆ ಅರ್ಹರು. ಎಫ್-1 (ವಿದ್ಯಾರ್ಥಿ), ಎಚ್-4 (ಎಚ್-1ಬಿ ಉದ್ಯೋಗಿಯ ಅವಲಂಬಿತರ) ವೀಸಾದವರು ಅಲ್ಲ. ಎಚ್-4ನವರು ಕೆಲಸದ ಪರವಾನಗಿಯಾದ ಇಎಡಿ ಇಲ್ಲದೆ ಸಿಎನ್‌ಎ ಕೆಲಸಕ್ಕೂ ಸೇರುವಂತಿಲ್ಲ ಎಂಬುದು ನೆನಪಿರಲಿ.

ಉದ್ಯೋಗದಾತರು ವರ್ಷಕ್ಕೆ 5,250 ಡಾಲರ್‌ವರೆಗೆ ಕೊಡುವ ಓದಿನ ನೆರವಿಗೆ ಆದಾಯ ತೆರಿಗೆ ಇಲ್ಲ. ಸಹಿ ಹಾಕುವ ಮುಂಚೆ ಎಚ್‌ಆರ್ ಹತ್ತಿರ ಬರಹದಲ್ಲಿ ಪಡೆಯಬೇಕಾದ ಉತ್ತರಗಳು:

- ಫೀಸನ್ನು ಕಾಲೇಜಿಗೆ ಮೊದಲೇ ಕಟ್ಟುತ್ತೀರೋ, ನಾನು ಕಟ್ಟಿದ ಮೇಲೆ ಮರಳಿಸುತ್ತೀರೋ?
- ನೆರವು ಸಿಗಲು ವಾರಕ್ಕೆ ಕನಿಷ್ಠ ಎಷ್ಟು ಗಂಟೆ ದುಡಿಯಬೇಕು?
- ಪ್ರೀರಿಕ್ವಿಸಿಟ್‌ಗಳಿಗೂ ಅನ್ವಯವೋ, ಸೀಟು ಸಿಕ್ಕ ಮೇಲೆ ಮಾತ್ರವೋ?
- ಮುಗಿಸಿದ ಮೇಲೆ ಎಷ್ಟು ವರ್ಷ ಇಲ್ಲೇ ಇರಬೇಕು, ನಡುವೆ ಬಿಟ್ಟರೆ ಪೂರ್ತಿ ಮೊತ್ತ ಮರಳಿಸಬೇಕೋ, ಉಳಿದ ತಿಂಗಳುಗಳಿಗೆ ತಕ್ಕಷ್ಟೋ?

ಎರಡನೆಯ ಪ್ರಶ್ನೆಯಲ್ಲೇ ಜನ ಸಿಕ್ಕಿಬೀಳುವುದು. ಕ್ಲಿನಿಕಲ್ ಶುರುವಾದಾಗ ಗಂಟೆ ಇಳಿಸುತ್ತಾರೆ, ನೆರವು ನಿಲ್ಲುತ್ತದೆ. ವಾರಕ್ಕೆ 30 ಗಂಟೆಗಿಂತ ಕೆಳಗಿಳಿದರೆ ಕಂಪನಿಯ ಆರೋಗ್ಯ ವಿಮೆಯೂ ಹೋಗಬಹುದು. ಆ ಖರ್ಚನ್ನೂ ಬಜೆಟ್ಟಿಗೆ ಸೇರಿಸಿ.

ಹಂತ 5: ಕ್ಲಿನಿಕಲ್‌ಗೆ ಮುಂಚಿನ ಕಾಗದಪತ್ರ

ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸಿನ ಸರಣಿ ಮುಗಿಯಲು ಆರು ತಿಂಗಳು ಬೇಕು, ಆಮೇಲೆ ರಕ್ತಪರೀಕ್ಷೆ. ಅರ್ಜಿ ಹಾಕುವ ದಿನವೇ ಇದನ್ನು ನೋಡಿಕೊಳ್ಳಿ. ಬಾಲ್ಯದ ಲಸಿಕೆಯ ದಾಖಲೆ ಸಿಗದಿದ್ದರೆ ದಡಾರ, ಮಂಗನಬಾವು, ರುಬೆಲ್ಲಾ, ಚಿಕನ್‌ಪಾಕ್ಸ್‌ಗಳಿಗೆ ರೋಗನಿರೋಧಕ ಶಕ್ತಿ ಇದೆಯೇ ಎಂದು ತೋರಿಸುವ ಟೈಟರ್ ರಕ್ತಪರೀಕ್ಷೆ ಮಾಡಿಸಬಹುದು. ಭಾರತದಲ್ಲಿ ಬಿಸಿಜಿ ಹಾಕಿಸಿಕೊಂಡವರಿಗೆ ಕ್ಷಯದ ಚರ್ಮ ಪರೀಕ್ಷೆ ಸುಳ್ಳೇ ಪಾಸಿಟಿವ್ ಬರುವ ಸಾಧ್ಯತೆಯಿದೆ, ರಕ್ತಪರೀಕ್ಷೆಯನ್ನೇ ಕೇಳಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಬಿಎಲ್‌ಎಸ್ (ಸಿಪಿಆರ್‌ನಂಥ ತುರ್ತು ಜೀವರಕ್ಷಣೆಯ ತರಬೇತಿ) ಕಾರ್ಡ್ ಎರಡು ವರ್ಷಕ್ಕೆ ಮುಗಿಯುತ್ತದೆ; ಸೆಮಿಸ್ಟರ್ ನಡುವೆ ಅವಧಿ ಮುಗಿದರೆ ವಾರ್ಡಿಗೆ ಬಿಡುವುದಿಲ್ಲ. ರಾಜ್ಯದಲ್ಲಿ ಗಾಂಜಾ ಕಾನೂನುಬದ್ಧವಾಗಿದ್ದರೂ ಡ್ರಗ್ ಟೆಸ್ಟ್‌ನಲ್ಲಿ ಕಂಡರೆ ಸೀಟು ಹೋಗಬಹುದು. ಹಳೆಯ ಪೊಲೀಸ್ ಕೇಸ್ ಏನಾದರೂ ಇದ್ದರೆ ಕಾಲೇಜಿಗೆ ಸೇರುವ ಮೊದಲೇ ಮಂಡಳಿಯ ಅಭಿಪ್ರಾಯ ಪಡೆಯಿರಿ.

ಹಂತ 6: ಕೋರ್ಸ್ ಒಳಗೆ ಎಲ್ಲಿ ಎಡವುತ್ತಾರೆ

ನರ್ಸಿಂಗ್ ವಿಷಯಗಳಲ್ಲಿ ಪಾಸಿನ ಗಡಿ ಹೆಚ್ಚಾಗಿ 75ರಿಂದ 78. ಎರಡು ವಿಷಯ ಫೇಲಾದರೆ ಸಾಮಾನ್ಯವಾಗಿ ಕೋರ್ಸಿನಿಂದಲೇ ಹೊರಗೆ. ಔಷಧ ಪ್ರಮಾಣದ ಲೆಕ್ಕದ ಪರೀಕ್ಷೆಗೆ ಗಡಿ ಇನ್ನೂ ಮೇಲೆ, 90 ಅಥವಾ ನೂರಕ್ಕೆ ನೂರು. ಲೆಕ್ಕ ಕಷ್ಟದ್ದಲ್ಲ. 1,000 ಮಿಲಿ ದ್ರವ 8 ಗಂಟೆಯಲ್ಲಿ ಹೋಗಬೇಕು, ಟ್ಯೂಬಿನಲ್ಲಿ 1 ಮಿಲಿಗೆ 15 ಹನಿ ಎಂದರೆ: 1,000 ಭಾಗಿಸು 8, ಗಂಟೆಗೆ 125 ಮಿಲಿ, 125 ಗುಣಿಸು 15 ಭಾಗಿಸು 60, ನಿಮಿಷಕ್ಕೆ 31.25, ಅಂದರೆ 31 ಹನಿ. ಫೇಲಾಗುವುದು ಗ್ರಾಂ-ಮಿಲಿಗ್ರಾಂ ಬದಲಾವಣೆಯಲ್ಲಿ, ನಡುಹಂತದಲ್ಲೇ ಸಂಖ್ಯೆ ಪೂರ್ಣಗೊಳಿಸುವುದರಲ್ಲಿ.

ವಾರ್ಡಿನಲ್ಲಿ ಅನುಭವವಿದ್ದವರ ತೊಂದರೆ ಬೇರೆ. ರೋಗಿಯನ್ನು ಹೊರಳಿಸುವುದು, ವೈಟಲ್ಸ್ (ಬಿಪಿ, ನಾಡಿ, ಜ್ವರ) ತೆಗೆಯುವುದು, ಧೈರ್ಯವಾಗಿ ಮಾತಾಡಿಸುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಪರೀಕ್ಷೆ ಕೇಳುವುದು ಅದನ್ನಲ್ಲ. ‘ಈ ಕೆಲಸಗಳಲ್ಲಿ ಯಾವುದನ್ನು ಅಸಿಸ್ಟೆಂಟ್‌ಗೆ ವಹಿಸಬಹುದು’ ಎಂಬ ಪ್ರಶ್ನೆಗೆ, ವಿಚಿತ್ರವೆಂದರೆ, ಸಿಎನ್‌ಎಗಳೇ ಹೆಚ್ಚು ತಪ್ಪು ಉತ್ತರ ಕೊಡುತ್ತಾರೆ. ಕಾರಣ, ಜನ ಕಡಿಮೆ ಇರುವ ವಾರ್ಡಿನಲ್ಲಿ ಮಾಡಬಾರದ್ದನ್ನೂ ಮಾಡಿ ರೂಢಿ. ಸೂತ್ರ ಇಷ್ಟೇ: ರೋಗಿಯ ಸ್ಥಿತಿ ಅಂದಾಜು ಮಾಡುವುದು, ಕಲಿಸಿಕೊಡುವುದು, ಫಲಿತಾಂಶ ತೂಗಿ ನೋಡುವುದು ಆರ್‌ಎನ್ ಕೆಲಸ, ವಹಿಸುವಂತಿಲ್ಲ. ಸ್ಥಿರವಾಗಿರುವ ರೋಗಿಯ ನಿತ್ಯದ ಆರೈಕೆ ವಹಿಸಬಹುದು. ‘ನಮ್ಮ ವಾರ್ಡಿನಲ್ಲಿ ಹೀಗೆ ಮಾಡ್ತೀವಿ’ ಎಂಬ ಮಾತನ್ನು ಪರೀಕ್ಷಾ ಕೋಣೆಯ ಹೊರಗೇ ಬಿಡಿ.

ಕ್ಲಿನಿಕಲ್ ಸೆಮಿಸ್ಟರ್‌ಗಳಲ್ಲಿ ವಾರಕ್ಕೆ 24 ಗಂಟೆ, ಶನಿವಾರ ಭಾನುವಾರದ ಎರಡು ಶಿಫ್ಟ್, ಇದರ ಮೇಲೆ ಕೆಲಸ ಇಟ್ಟುಕೊಳ್ಳಬೇಡಿ. ಮರುದಿನ ಬೆಳಗ್ಗೆ ಕ್ಲಿನಿಕಲ್ ಇರುವಾಗ ರಾತ್ರಿ ಪಾಳಿ ಬೇಡವೇ ಬೇಡ. ಹಲವು ಕಾಲೇಜುಗಳು ಇದನ್ನು ನಿಯಮವಾಗಿಯೇ ನಿಷೇಧಿಸಿವೆ.

ಹಂತ 7: ಎನ್‌ಕ್ಲೆಕ್ಸ್ ಮತ್ತು ಲೈಸೆನ್ಸ್

ರಾಜ್ಯದ ಮಂಡಳಿಗೆ ಒಂದು ಅರ್ಜಿ, ಪರೀಕ್ಷೆ ನಡೆಸುವ ಕಂಪನಿ ಪಿಯರ್‌ಸನ್ ವಿಯುಇಗೆ ಇನ್ನೊಂದು ನೋಂದಣಿ. ಪರೀಕ್ಷೆಯ ಶುಲ್ಕ 200 ಡಾಲರ್. ಎರಡು ಕಡೆಯೂ ಹೆಸರು ನಿಮ್ಮ ಗುರುತಿನ ಚೀಟಿಯಲ್ಲಿ ಇರುವಂತೆಯೇ ಇರಲಿ. ತಂದೆಯ ಹೆಸರು, ಇನಿಷಿಯಲ್ ಹಿಂದುಮುಂದಾಗಿ ಪರೀಕ್ಷಾ ಕೇಂದ್ರದ ಬಾಗಿಲಲ್ಲೇ ವಾಪಸಾಗುವುದು ನಮ್ಮವರಿಗೆ ಹೆಚ್ಚು. ಪ್ರಶ್ನೆಗಳು ಕನಿಷ್ಠ 85, ಗರಿಷ್ಠ 150, ಸಮಯ 5 ಗಂಟೆ. 2023ರ ಏಪ್ರಿಲ್‌ನಿಂದ ತಲಾ ಆರು ಪ್ರಶ್ನೆಗಳ ಮೂರು ಕೇಸ್ ಸ್ಟಡಿಗಳು ಸೇರಿವೆ, ಹಳೆಯ ಪ್ರಶ್ನೆಪುಸ್ತಕ ಕೊಳ್ಳಬೇಡಿ. 85ಕ್ಕೇ ಕಂಪ್ಯೂಟರ್ ನಿಂತರೆ ಪಾಸೆಂದೂ ಅಲ್ಲ, ಫೇಲೆಂದೂ ಅಲ್ಲ. ಫೇಲಾದರೆ 45 ದಿನ ಬಿಟ್ಟು ಮತ್ತೆ ಬರೆಯಬಹುದು. ಪದವಿ ಮುಗಿದ ಎರಡು ಮೂರು ತಿಂಗಳೊಳಗೆ ಬರೆದುಬಿಡಿ. ಓದು ಹಳತಾದಷ್ಟೂ ಪಾಸಾಗುವುದು ಕಷ್ಟ.

ನಲವತ್ತಕ್ಕೂ ಹೆಚ್ಚು ರಾಜ್ಯಗಳು ನರ್ಸ್ ಲೈಸೆನ್ಶರ್ ಕಾಂಪ್ಯಾಕ್ಟ್‌ನಲ್ಲಿವೆ. ಅಲ್ಲಿ ಕಾಯಂ ವಾಸವಿದ್ದವರ ಒಂದು ಲೈಸೆನ್ಸ್ ಉಳಿದ ಸದಸ್ಯ ರಾಜ್ಯಗಳಲ್ಲೂ ನಡೆಯುತ್ತದೆ. ಕ್ಯಾಲಿಫೋರ್ನಿಯಾ ಇದರ ಹೊರಗಿದೆ, ಅಲ್ಲಿಗೆ ಹೋಗುವುದಾದರೆ ಬೇರೆ ಅರ್ಜಿ, ಬೇರೆ ಕಾಯುವಿಕೆ.

ಎಡಿಎನ್ ಮೂಲಕ ಬಂದವರಿಗೆ ಉಳಿಯುವುದು ಬಿಎಸ್‌ಎನ್. ಹೊಸ ಕೆಲಸದ ಓರಿಯಂಟೇಷನ್ ಮುಗಿಯುವವರೆಗೆ ಅದಕ್ಕೆ ಕೈಹಾಕಬೇಡಿ. ಶುರುಮಾಡುವ ತಿಂಗಳನ್ನು ಮಾತ್ರ ಲೆಕ್ಕ ಹಾಕಿ ಆರಿಸಿ. 5,250 ಡಾಲರ್‌ನ ತೆರಿಗೆ ಮಿತಿ ಕ್ಯಾಲೆಂಡರ್ ವರ್ಷಕ್ಕೆ ಅನ್ವಯ. ಹದಿನೆಂಟು ತಿಂಗಳ ಕೋರ್ಸನ್ನು ಜನವರಿಯಲ್ಲಿ ಶುರುಮಾಡಿದರೆ ಎರಡೇ ವರ್ಷದ ನೆರವು, 10,500 ಡಾಲರ್. ಅದೇ ಕೋರ್ಸನ್ನು ಸೆಪ್ಟೆಂಬರಿನಲ್ಲಿ ಶುರುಮಾಡಿದರೆ ಅದು ಮೂರನೆಯ ವರ್ಷದ ಫೆಬ್ರವರಿಗೆ ಚಾಚುತ್ತದೆ, ಕೊನೆಯ ಕಂತನ್ನು ಆ ಜನವರಿಯಲ್ಲಿ ಕಟ್ಟಿಸಿದರೆ ಮಿತಿ 15,750ಕ್ಕೆ ಏರುತ್ತದೆ.